ಹತ್ತೊಂಬತ್ತು ಉಪ್ಪಿಟ್ಟು

"ಹತ್ತು!" ಎಂದು ಕೂಗಿದ ಚಿಕ್ಕಸ್ವಾಮಿ. ಹೆಂಗಸು ಇಳಿದಳು.

"ಹತ್ತು ಅಂದಾಗ ಹತ್ತಬೇಕು. ಇಳಿ ಅಂದಾಗ ಇಳೀಬೇಕು. ಅಷ್ಟೂ ಗೊತ್ತಾಗಲ್ವೇನ್ರೀ?"

"ನಂಗ್ ಗೊತ್ತಾಯ್ತದೆ ಸಾ. ಕಾಲ್ಗೆ ಗೊತ್ತಾಯ್ತಿಲ್ಲ."

ಸಾಲಿನಲ್ಲಿ ನಿಂತವರು ನಕ್ಕರು. ತಾಳಕ್ಕೆಂದು ಇಟ್ಟಿದ್ದ ಫೋನು ಮಾತ್ರ ಟಕ್ ಟಕ್ ಎಂದು ಬಡಿದುಕೊಳ್ಳುತ್ತಲೇ ಇತ್ತು. ನಿಮಿಷಕ್ಕೆ ತೊಂಬತ್ತಾರು ಬಡಿತ. ಮುಂದೆ ಒಂದಡಿ ಎತ್ತರದ ಮರದ ಪೆಟ್ಟಿಗೆ. ಆ ಬಡಿತಕ್ಕೆ ಸರಿಯಾಗಿ ಮೂರು ನಿಮಿಷ ಹತ್ತಿ ಇಳಿಯಬೇಕು, ಆಮೇಲೆ ಕುರ್ಚಿಯಲ್ಲಿ ಕೂತು ಬೆರಳನ್ನು ಕ್ಲಿಪ್ಪಿಗೆ ಕೊಡಬೇಕು. ಒಂದು ನಿಮಿಷದಲ್ಲಿ ನಾಡಿ ಎಷ್ಟಕ್ಕೆ ಇಳಿಯಿತು ಎಂಬುದನ್ನು ಕ್ಲಿಪ್ಪು ನೇರವಾಗಿ ಕಂಪನಿಯ ಫೋನಿಗೆ ಕಳಿಸುತ್ತಿತ್ತು. ನೂರಹತ್ತರ ಒಳಗಿದ್ದರೆ ಎ. ನೂರಮೂವತ್ತರ ಒಳಗಿದ್ದರೆ ಬಿ. ಅದಕ್ಕೂ ಮೇಲಿದ್ದರೆ ಸಿ. ಕೋಣನಿಗೂ ಕಲಿಸಬಹುದಾದ ಪರೀಕ್ಷೆ. ಇದನ್ನು ಮಾಡಿಸುವುದಕ್ಕೆ ಅವನು ಮೈಸೂರಿನಲ್ಲಿ ಓದಿ ಬಿ.ಪಿ.ಎಡ್. ಪದವಿ ತಂದಿದ್ದ.

ನಂಜನಗೂಡಿನ ಕೈಗಾರಿಕಾ ಪ್ರದೇಶದ ಆ ಕಾರ್ಖಾನೆ ಪ್ರೋಟೀನ್ ಪುಡಿಯನ್ನು ಡಬ್ಬಗಳಿಗೆ ತುಂಬಿ ಕಳಿಸುತ್ತಿತ್ತು. ಡಬ್ಬದ ಮೇಲೆ ಒಬ್ಬ ಗಂಡಸಿನ ಚಿತ್ರ. ಕತ್ತಿನಿಂದ ಸೊಂಟದವರೆಗೆ ಮಾತ್ರ, ತಲೆಯಿಲ್ಲ. ಪ್ಯಾಕಿಂಗ್ ವಿಭಾಗದ ನಲವತ್ತು ಹೆಂಗಸರು ದಿನವಿಡೀ ಆ ಗಂಡಸಿನ ಎದೆಯ ಮೇಲಿನ ಧೂಳು ಒರೆಸಿ ಪೆಟ್ಟಿಗೆಯಲ್ಲಿ ಜೋಡಿಸುತ್ತಿದ್ದರು. ಮುಂದಿನ ತಿಂಗಳು ಹೊಸ ಯಂತ್ರ ಬರುತ್ತದೆ, ಇಪ್ಪತ್ತು ಕಿಲೋ ಪೆಟ್ಟಿಗೆಗಳನ್ನು ಎತ್ತಿ ಇಡಬೇಕು, ಅದಕ್ಕೆ ಯಾರ ಮೈ ತಡೆಯುತ್ತದೆ ಎಂದು ಕಂಪನಿ ತಿಳಿಯಬೇಕಿತ್ತು. ಹಾಗಾಗಿ 'ಸ್ವಾಸ್ಥ್ಯ ದಿನ' ಎಂದು ಬ್ಯಾನರ್ ಕಟ್ಟಿಸಿತ್ತು. ಸಿ ಬಂದವರನ್ನು ಏನು ಮಾಡುತ್ತೀರಿ ಎಂದು ಚಿಕ್ಕಸ್ವಾಮಿ ಕೇಳಿರಲಿಲ್ಲ. ಎಚ್.ಆರ್. ಮ್ಯಾನೇಜರ್ ಪ್ರಸಾದ್ ಹೇಳಿಯೂ ಇರಲಿಲ್ಲ. ಹೇಳದೆ ಕೇಳದೆ ಇಬ್ಬರಿಗೂ ಗೊತ್ತಿತ್ತು. ಸಾಲಿನಲ್ಲಿ ನಿಂತವರಿಗೆ ಇಬ್ಬರಿಗಿಂತ ಚೆನ್ನಾಗಿ ಗೊತ್ತಿತ್ತು.

ಚಿಕ್ಕಸ್ವಾಮಿಗೆ ಈಗ ನಲವತ್ತೆರಡು. ಸರ್ಕಾರಿ ಹೈಸ್ಕೂಲಿನ ಪಿ.ಟಿ. ಮೇಷ್ಟರ ಹುದ್ದೆಗೆ ಮೂರು ಸಲ ಅರ್ಜಿ ಹಾಕಿದ್ದ. ಮೂರು ಸಲವೂ ಪಟ್ಟಿ ಅವನ ಹೆಸರಿನ ಹತ್ತಿರದವರೆಗೆ ಬಂದು ನಿಂತುಬಿಟ್ಟಿತ್ತು. ಸೋಸಲೆಯಲ್ಲಿ ಆರು ವರ್ಷ ಅತಿಥಿ ಶಿಕ್ಷಕನಾಗಿದ್ದ. ವರ್ಷಕ್ಕೆ ಹತ್ತು ತಿಂಗಳು ಅತಿಥಿ, ಎರಡು ತಿಂಗಳು ಅದೂ ಇಲ್ಲ. ಆಮೇಲೆ ಟಿ. ನರಸೀಪುರದ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಮಹಡಿಯ ಮೇಲೆ ಜಿಮ್ ತೆರೆದ. ಅಲ್ಲಿಗೆ ಬರುವ ಹುಡುಗರು ಫೋನಿನಲ್ಲಿ ಯಾವನೋ ತೋರಿಸಿದ ಕಸರತ್ತನ್ನು ಅವನಿಗೇ ಹೇಳಿಕೊಡುತ್ತಿದ್ದರು. "ಅಣ್ಣಾ, ನಿಂದು ಓಲ್ಡ್ ಮೆಥಡ್ ಕಣಣ್ಣ" ಎನ್ನುತ್ತಿದ್ದರು. ಅವನು ಹಲ್ಲು ಕಚ್ಚಿಕೊಂಡು ಕನ್ನಡಿ ಒರೆಸುತ್ತಿದ್ದ.

ಎರಡು ತಿಂಗಳಿಂದ ಈ ಕಾರ್ಖಾನೆಯಲ್ಲಿ ಪಾಳಿ ಶುರುವಾಗುವ ಮುನ್ನ ಹತ್ತು ನಿಮಿಷ ಎಲ್ಲರ ಕೈಕಾಲು ಆಡಿಸುವ ಕೆಲಸ. ದಿನವೂ ಗೇಟಿನಲ್ಲಿ ಹೆಸರು ಬರೆದು ವಿಸಿಟರ್ ಚೀಟಿ ಪಡೆಯಬೇಕು. ಇವತ್ತಿನ ಪಟ್ಟಿಗೆ ಸಹಿ ಬಿದ್ದರೆ ಅವನು ವೆಲ್‌ನೆಸ್ ಆಫೀಸರ್. ಫೋಟೋ ಇರುವ ಕಾರ್ಡು, ನೀಲಿ ದಾರ. ಯಾವ ಕೆಲಸವಾದರೇನು, ಕೆಲಸ.

"ಬೆಳಿಗ್ಗೆ ಏನು ತಿಂದ್ರಿ?" ಎಂದು ಮುಂದಿನವಳನ್ನು ಕೇಳಿದ. ಹಾಳೆಯಲ್ಲಿ ಅದಕ್ಕೊಂದು ಕಾಲಮ್ಮು ಇತ್ತು. ಅವನೇ ಯೋಚಿಸಿ ಹಾಕಿಸಿದ್ದು.

"ಉಪ್ಪಿಟ್ಟು."

ಬರೆದುಕೊಂಡ. ನಾಡಿ ನೂರಮೂವತ್ತೆಂಟು. ಸಿ.

ಹನ್ನೆರಡೂವರೆಯ ಹೊತ್ತಿಗೆ ಸಾಲಿನ ಕೊನೆಯವಳಾಗಿ ಚನ್ನಬಸಮ್ಮ ಬಂದು ಪೆಟ್ಟಿಗೆಯ ಮುಂದೆ ನಿಂತಳು. ಅವಳನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಕವಲಂದೆಯ ಪಕ್ಕದ ಅವನ ಹಳ್ಳಿಯವಳೇ. ಅವನ ಮನೆಯ ಹಿಂದಿನ ಬೀದಿ. ಈ ಎರಡು ತಿಂಗಳೂ ಅವನು ಅವಳನ್ನು ಗುರುತು ಸಿಗದವನಂತೆ ನೋಡಿದ್ದ. ಅವಳೂ ಸುಮ್ಮನಿದ್ದಳು. ಆ ಸುಮ್ಮನಿರುವಿಕೆಯೇ ಅವನಿಗೆ ಇನ್ನಷ್ಟು ಸಿಟ್ಟು ತರಿಸುತ್ತಿತ್ತು.

"ಹೆಸರು?"

"ನಿಂಗ್ ಗೊತ್ತಿಲ್ವಾ? ಸರಿ, ಚನ್ನಬಸಮ್ಮ ಅಂತ ಬರ್ಕೊ."

"ವಯಸ್ಸು?"

"ಕಾರ್ಡಲ್ಲಿ ನಲವತ್ತಾರು."

"ನಿಜವಾದ್ದು?"

"ಕಾರ್ಡಲ್ಲಿರೋದ ಬರ್ಕೊಳಪ್ಪ. ನಿಜವಾದ್ದ ತಕ್ಕಂಡು ಏನ್ ಮಾಡಿಯೆ?"

"ಬೆಳಿಗ್ಗೆ ಏನು ತಿಂದ್ರಿ?"

"ಎಲ್ರೂ ಏನ್ ತಿಂದವ್ರೆ?"

"ಅದು ನಿಮಗ್ಯಾಕೆ?"

"ಉಪ್ಪಿಟ್ಟು ಅಂತ ಬರಿ."

ಅವಳು ಹತ್ತಿದಳು, ಇಳಿದಳು. ಒಂದು ನಿಮಿಷ ಬಡಿತ ತಪ್ಪಲಿಲ್ಲ. ಕೆಸರುಗದ್ದೆಯಲ್ಲಿ ನಡೆದ ಕಾಲು ಎಂದುಕೊಂಡ. ಎರಡನೆಯ ನಿಮಿಷದಲ್ಲಿ ಸೀರೆಯ ನೆರಿಗೆ ಪೆಟ್ಟಿಗೆಯ ಅಂಚಿಗೆ ಸಿಕ್ಕಿತು. ಅವಳು ವಾಲಿದಳು. ಅವನು ಮೊಣಕೈ ಹಿಡಿದ. ಅವಳ ಮುಖ ಅವನ ಮುಖದ ಹತ್ತಿರ ಬಂತು. ಬಾಯಿ ತೆರೆದಿತ್ತು, ಉಸಿರು ಬಡಿಯಿತು.

ಆ ವಾಸನೆ ಅವನಿಗೆ ಗೊತ್ತಿತ್ತು. ಒಣಗಿದ, ತುಸು ಹುಳಿಯಾದ, ತಳ ಸೀದ ಪಾತ್ರೆಯಂಥ ವಾಸನೆ. ಸ್ಕೂಲಿನಿಂದ ಬಂದವನಿಗೆ ಅನ್ನ ಬಡಿಸಲು ಬಗ್ಗಿದಾಗ ಅವ್ವನ ಬಾಯಿಂದ ಬರುತ್ತಿದ್ದದ್ದು. ವಾರಕ್ಕೊಂದು ದಿನ. ಸೋಮವಾರ.

ಚನ್ನಬಸಮ್ಮನ ಹಣೆ ನೋಡಿದ. ವಿಭೂತಿ ಒರೆಸಿಕೊಂಡಿದ್ದಳು. ಹಣೆಯ ಗೆರೆಗಳೊಳಗೆ ಬಿಳಿ ಉಳಿದಿತ್ತು. ತಲೆಯೆತ್ತಿ, ಪರೀಕ್ಷೆ ಮುಗಿಸಿ ಗೋಡೆಗೆ ಒರಗಿದವರನ್ನು ನೋಡಿದ. ಅರ್ಧದಷ್ಟು ಹಣೆಗಳಲ್ಲಿ ಅದೇ ಒರೆಸಿದ ಗುರುತು.

ಕಾರ್ತಿಕ ಸೋಮವಾರ.

ಹಾಳೆಗಳನ್ನು ತಿರುವಿ ಹಾಕಿದ. ಮುದ್ದೆ, ಬಸ್ಸಾರು. ಚಿತ್ರಾನ್ನ. ನೆನ್ನೆಯ ಅನ್ನ ಮಜ್ಜಿಗೆ. ಇಡ್ಲಿ. ಇವರೆಲ್ಲ ಎ, ಬಿ. ನಡುನಡುವೆ ಉಪ್ಪಿಟ್ಟು, ಉಪ್ಪಿಟ್ಟು, ಉಪ್ಪಿಟ್ಟು. ಬೆರಳಿಟ್ಟು ಎಣಿಸಿದ. ಇವಳೂ ಸೇರಿ ಹತ್ತೊಂಬತ್ತು. ತಿಂದವರು ನಾನಾ ಬಗೆ ತಿಂದಿದ್ದರು. ತಿನ್ನದವರೆಲ್ಲ ಉಪ್ಪಿಟ್ಟು ತಿಂದಿದ್ದರು. ಭಾನುವಾರ ರಾತ್ರಿ ಉಂಡವರು, ನಾಲ್ಕೂವರೆಗೆ ಊರಿನಿಂದ ವ್ಯಾನು ಹತ್ತಿದವರು, ಆರು ಗಂಟೆಯಿಂದ ಪುಡಿಯ ಧೂಳಿನಲ್ಲಿ ನಿಂತವರು. ನೀರನ್ನೂ ಮುಟ್ಟಿರಲಾರರು. ಅಂಥವರನ್ನು ಪೆಟ್ಟಿಗೆ ಹತ್ತಿಸಿ ಇಳಿಸಿ ಅವನು ಸಿ ಎಂದು ಬರೆದಿದ್ದ.

ಎಲ್ಲಕ್ಕಿಂತ ಹೆಚ್ಚಾಗಿ ಅವನನ್ನು ಸುಟ್ಟದ್ದು ಇನ್ನೊಂದು. ಸೋಮವಾರ ಎಂದು ಆರಿಸಿದವನು ಅವನೇ. ಈ ತಿಂಗಳಲ್ಲಿ ನಿಮಗೆ ಅನುಕೂಲವಾದ ದಿನ ಹೇಳಿ ಎಂದು ಪ್ರಸಾದ್ ಮೆಸೇಜು ಮಾಡಿದ್ದ. ಸೋಮವಾರ ಜಿಮ್ಮಿಗೆ ರಜೆ, ಸೋಮವಾರ ಎಂದು ಕಳಿಸಿದ್ದ. ಕಳಿಸಲು ಅರೆಗಳಿಗೆ ಹಿಡಿಯಲಿಲ್ಲ. ಹೆಂಡತಿ ವಾಣಿ ಸೋಮವಾರ ಒಲೆಯ ಮೇಲೆ ಮೊಟ್ಟೆ ಇಡಗೊಡುವುದಿಲ್ಲ. ಅದಕ್ಕೆ ಇವತ್ತು ಬೆಳಿಗ್ಗೆಯೂ ನಡುಮನೆಯಲ್ಲಿ ಕರೆಂಟು ಕೆಟಲ್ ಇಟ್ಟು ನಾಲ್ಕು ಮೊಟ್ಟೆ ಬೇಯಿಸಿಕೊಂಡಿದ್ದ. ಆಗಲೂ ಹೊಳೆಯಲಿಲ್ಲ. ನಂಜನಗೂಡಿನೊಳಗೆ ದೇವಸ್ಥಾನದ ರಸ್ತೆಗೆ ಪೊಲೀಸರು ಅಡ್ಡ ಹಾಕಿದ್ದರು. ಬೈಕಿನ ಮೇಲೆ ಕೂತು, ಇಷ್ಟೊಂದು ಜನ ಎಲ್ಲಿಗೆ ಸಾಯಕ್ಕೆ ಹೋಗ್ತಾರೆ ಎಂದು ಗಟ್ಟಿಯಾಗಿಯೇ ಬೈದಿದ್ದ. ಆಗಲೂ ಹೊಳೆಯಲಿಲ್ಲ. ಈ ಮಣ್ಣಿನಲ್ಲಿ ಹುಟ್ಟಿದ ನಾಯಿಗೂ ಗೊತ್ತಿರುವ ವಾರ ಅವನಿಗೆ ಗೊತ್ತಾಗಲಿಲ್ಲ.

"ಈ ಕಡೆ ಬನ್ನಿ" ಎಂದು ಚನ್ನಬಸಮ್ಮನನ್ನು ಪೆಟ್ಟಿಗೆಗಳ ಅಟ್ಟಿಯ ಹಿಂದಕ್ಕೆ ಕರೆದ.

"ಯಾಕೆ ಸುಳ್ಳು ಹೇಳಿದ್ರಿ?"

"ಏನ್ ಸುಳ್ಳು?"

"ಉಪ್ಪಿಟ್ಟು! ಹತ್ತೊಂಬತ್ತು ಮನೇಲೂ ಉಪ್ಪಿಟ್ಟೇನಮ್ಮ? ಬೇರೆ ತಿಂಡಿ ಹೆಸರೂ ಬರಲಿಲ್ವಾ ನಿಮ್ಮ ಬಾಯಿಗೆ?"

"ವ್ಯಾನಲ್ಲಿ ಬರೋವಾಗ ಅದೇ ಅಂತ ಮಾತಾಡ್ಕಂಡೊ. ಒಬ್ಬೊಬ್ರು ಒಂದೊಂದು ಏಳುದ್ರೆ ತಪ್ಪೋಯ್ತದಲ್ಲ."

ನಗು ಬರಬೇಕಿತ್ತು. ಬರಲಿಲ್ಲ.

"ಉಪಾಸ ಅಂತ ಹೇಳಿದ್ರೆ ಇನ್ನೊಂದು ದಿನ ಇಡ್ತಿದ್ದೆ."

"ಆ ನೋಟೀಸ ಓದ್ದೋನು ನೀನೆ ಅಲ್ವಾ?"

ಹೌದು. ಅವನು ಕೆಲಸಕ್ಕೆ ಸೇರಿದ ಮೊದಲ ವಾರವೇ ಒಬ್ಬಳು ಪಾಳಿಯಲ್ಲಿ ತಲೆ ತಿರುಗಿ ಬಿದ್ದಿದ್ದಳು. ಹೊಟ್ಟೆಗೆ ತಿನ್ನದೆ ಬಂದವರನ್ನು ಅದೇ ದಿನ ಗೇಟಿನಿಂದಾಚೆ ಕಳಿಸಲಾಗುವುದು ಎಂದು ನೋಟೀಸು ಬಂತು. ಇದೇ ಶೆಡ್ಡಿನಲ್ಲಿ, ಇದೇ ಮೈಕಿನಲ್ಲಿ, ಅವನೇ ಓದಿದ್ದ. ಓದಿ, ದೇಹವೇ ದೇವಾಲಯ ಎಂದು ತನ್ನ ಕಡೆಯಿಂದ ಒಂದು ಮಾತನ್ನೂ ಸೇರಿಸಿದ್ದ.

"ಉಪಾಸ ಅಂತ ಬರುದ್ರೆ ಇವತ್ತೇ ಆಚ್ಗೆ" ಎಂದಳು ಚನ್ನಬಸಮ್ಮ. "ಸಿ ಅಂತ ಬರುದ್ರೆ ಮುಂದಿನ್ ತಿಂಗ್ಳು ಆಚ್ಗೆ. ಮುಂದಿನ್ ತಿಂಗ್ಳೇ ವಾಸಿ. ಬರಿ."

"ಒಂದು ಹೊತ್ತು ತಿಂದ್ರೆ ಏನ್ ಸತ್ತೋಯ್ತಿದ್ರಾ? ದೇವ್ರು ಬಂದು ಕೇಳಿದ್ನಾ ನಿಮ್ ಹೊಟ್ಟೇನ?" ಅವನ ಬಾಯಿಂದ ಹಳ್ಳಿಯ ಮಾತು ಹೊರಬಿತ್ತು. ಅದಕ್ಕೂ ಅವನಿಗೆ ರೇಗಿತು.

"ನಿಮ್ಮವ್ವುನ್ನ ಕೇಳ್ಬೇಕಿತ್ತು ಇದ."

"ಅವಳ ಕತೆ ಬೇರೆ. ನಮ್ಮಪ್ಪ ಕುಡೀತಿದ್ದ."

"ಬೋರಯ್ಯ ಸತ್ತು ಎಷ್ಟು ವರ್ಸ ಆಯ್ತು? ಅವ್ನು ಸತ್ಮೇಲೆ ಬುಟ್ಲಾ?"

ಬಿಟ್ಟಿರಲಿಲ್ಲ. ಮೂರು ವರ್ಷದ ಹಿಂದೆ ಅವ್ವ ಸಾಯುವವರೆಗೂ ಬಿಟ್ಟಿರಲಿಲ್ಲ. ಏಕೆ ಎಂದು ಅವನು ಒಂದು ದಿನವೂ ಕೇಳಿರಲಿಲ್ಲ.

"ನಿಂಗೆ ಮೇಷ್ಟ್ರು ಕೆಲ್ಸ ಆಗೋಗಂಟ ಅಂತ ಅರ್ಕೆ ಕಟ್ಕಂಡಿದ್ಲು ಮರಿತಾಯಮ್ಮ. ನೀ ಇಸ್ಕೂಲ್ಗೋಗೋವಾಗ್ಲೇ, ನನ್ ಮುಂದ್ಲೇ ಕಟ್ಕಂಡಿದ್ದು. ಆಗ್ನಿಲ್ಲ. ಬುಡ್ನಿಲ್ಲ." ಅವಳು ಸೆರಗಿನಿಂದ ಕತ್ತು ಒರೆಸಿಕೊಂಡಳು. "ಬರ್ಕೊ ಓಗು. ನನ್ ಬೆಳ್ಳು ಇನ್ನೂ ಕೊಟ್ಟಿಲ್ಲ ನಾನು."

ಅವಳೇ ಹೋಗಿ ಕುರ್ಚಿಯಲ್ಲಿ ಕೂತು ಕ್ಲಿಪ್ಪಿಗೆ ಬೆರಳು ಕೊಟ್ಟಳು. ಅಷ್ಟು ಹೊತ್ತು ಸುಧಾರಿಸಿಕೊಂಡರೂ ನೂರಮೂವತ್ತೈದು.

ಚಿಕ್ಕಸ್ವಾಮಿಗೆ ದುಃಖವಾಗಲಿಲ್ಲ. ಆಗಬೇಕಿತ್ತು ಎಂದು ಅವನಿಗೂ ಅನ್ನಿಸಿತು. ಸಿಟ್ಟು ಬಂತು. ಯಾರು ಕೇಳಿದ್ದರು ಅವ್ವನನ್ನು? ತನಗೆ ಮೊಟ್ಟೆ ಹಾಲು ಕೊಟ್ಟು ಮೈ ಬೆಳೆಸಿ, ಪಕ್ಕದಲ್ಲೇ ಕೂತು ತನ್ನ ಮೈ ಒಣಗಿಸಿಕೊಂಡಳಲ್ಲ, ಯಾರು ಕೇಳಿದ್ದರು? ಜಿಮ್ಮಿನ ಕನ್ನಡಿಯಲ್ಲಿ ನೋಡಿ ನೋಡಿ ತಾನೇ ಕಟ್ಟಿದ್ದು ಎಂದುಕೊಂಡಿದ್ದ ಈ ತೋಳು, ಈ ಎದೆ, ಅವಕ್ಕೆಲ್ಲ ಯಾರೋ ಹಿಂದೆ ನಿಂತು ಹೊಟ್ಟೆ ಕಟ್ಟಿದ್ದರು. ಹೇಳದೆ ಮಾಡಿ ಹೇಳದೆ ಸತ್ತಿದ್ದರು. ಬದುಕಿದ್ದರೆ ಬೈಯಬಹುದಿತ್ತು.

ಪ್ರಸಾದ್ ತನ್ನ ಕೋಣೆಯಲ್ಲಿ ಖುಷಿಯಾಗಿದ್ದ. ಮೂವತ್ತನಾಲ್ಕು ವಯಸ್ಸು. ಪುಣೆಯಲ್ಲಿ ಹತ್ತು ವರ್ಷ ಇದ್ದು ಬಂದವನು.

"ಬನ್ನಿ ಕೋಚ್. ನಿಮ್ಮ ಹದಿನಾರು ಗಂಟೆ ಫಾಸ್ಟಿಂಗ್ ಸೂಪರ್. ಎರಡು ಕೆಜಿ ಇಳಿದೆ. ಎಷ್ಟು ಹಗುರ ಅನ್ಸುತ್ತೆ ಗೊತ್ತಾ? ತಲೆ ಕ್ಲಿಯರ್." ಗಡಿಯಾರ ನೋಡಿಕೊಂಡ. "ಇನ್ನರ್ಧ ಗಂಟೆಗೆ ನನ್ನ ಊಟ."

ಅವನಿಗೆ ಆ ಉಪವಾಸ ಕಲಿಸಿದ್ದವನು ಚಿಕ್ಕಸ್ವಾಮಿಯೇ. ಚಾರ್ಟು ಬರೆದುಕೊಟ್ಟಿದ್ದ.

"ಹತ್ತೊಂಬತ್ತು ಸಿ" ಎಂದ ಪ್ರಸಾದ್ ಫೋನು ನೋಡುತ್ತ. "ನಾವು ಅಂದುಕೊಂಡಿದ್ದು ಹತ್ತು ಹನ್ನೆರಡು. ಪರವಾಗಿಲ್ಲ."

"ಮೆಷಿನ್ನು ಯಾಕೋ ಸರಿ ಇಲ್ಲ ಸರ್."

"ಯಾವುದು? ಕ್ಲಿಪ್ಪಾ? ಕೊಡಿ ಇಲ್ಲಿ." ಪ್ರಸಾದ್ ಬೆರಳು ಸಿಕ್ಕಿಸಿಕೊಂಡ. ಎಪ್ಪತ್ತೆರಡು. "ಸರಿ ಇದೆಯಲ್ಲ."

"ಇನ್ನೊಂದು ದಿನ ಮಾಡಿದ್ರೆ ಒಳ್ಳೇದು."

"ಮಾಡಬಹುದು. ಇಲ್ಲಿ ಕೆಳಗೆ ನೋಡಿ. ಅಂತಿಮ ಅಥವಾ ಮರುಪರೀಕ್ಷೆ. ಮರುಪರೀಕ್ಷೆ ಅಂದ್ರೆ ಕಾರಣ ಬರೀಬೇಕು. ಏನು ಕಾರಣ?"

ಚಿಕ್ಕಸ್ವಾಮಿ ಹಾಳೆ ನೋಡಿದ. ಕಾರಣಕ್ಕೆ ಒಂದೂವರೆ ಗೆರೆ ಜಾಗ ಬಿಟ್ಟಿದ್ದರು.

"ಯಾಕೆ, ದಿನ ಸರಿ ಇರಲಿಲ್ವಾ?" ಪ್ರಸಾದ್ ಮೊದಲ ಬಾರಿಗೆ ಅವನ ಮುಖ ನೋಡಿದ. "ದಿನ ಫಿಕ್ಸ್ ಮಾಡಿದ್ದು ನೀವೇ. ನಿಮ್ಮನ್ನು ತಗೊಂಡಿದ್ದೇ ಅದಕ್ಕೆ. ಮೈಸೂರಿಂದ ಸರ್ಟಿಫಿಕೇಟ್ ಇರೋರು ಮೂರು ಜನ ಬಂದಿದ್ರು. ನಾನು ಹೇಳ್ದೆ, ಬೇಡ, ಲೋಕಲ್ ಇರಲಿ, ಈ ಜನದ್ದು ಏನು ಎತ್ತ ಅಂತ ಅವರಿಗೆ ಗೊತ್ತಿರುತ್ತೆ ಅಂತ. ಗೊತ್ತಿದೆ ತಾನೆ?"

"ಗೊತ್ತಿದೆ."

"ಮತ್ತೆ?"

ಪ್ರಸಾದ್ ಡ್ರಾಯರ್ ತೆಗೆದು ಕಾರ್ಡನ್ನು ಮೇಜಿನ ಮೇಲೆ ಇಟ್ಟ. ನೀಲಿ ದಾರ. ಫೋಟೋದಲ್ಲಿ ಚಿಕ್ಕಸ್ವಾಮಿ ನಗುತ್ತಿದ್ದ. ಯಾವಾಗ ನಕ್ಕಿದ್ದೆ ಎಂದು ನೆನಪಾಗಲಿಲ್ಲ.

"ಸೈನ್ ಮಾಡಿ, ಹಾಕ್ಕೊಳ್ಳಿ. ಎರಡು ಗಂಟೆಗೆ ಮೇಲ್ ಕಳಿಸಬೇಕು."

"ಒಂದು ಟೀ ಕುಡಿದು ಬರ್ತೀನಿ ಸರ್."

"ಸಕ್ಕರೆ ಇಲ್ಲದೆ" ಎಂದು ಪ್ರಸಾದ್ ಬೆರಳಾಡಿಸಿ ನಕ್ಕ.

ಹಾಳೆ ಹಿಡಿದು ಹೊರಬಂದ. ಕಾರ್ಡು ಮೇಜಿನ ಮೇಲೆಯೇ ಉಳಿಯಿತು. ಟೀ ಕುಡಿಯಲಿಲ್ಲ. ಗೋಡೆಯ ನೆರಳಿನಲ್ಲಿ ನಿಂತಾಗ ವಾಣಿಯ ಫೋನು ಬಂತು.

"ಕೊಟ್ರಾ?"

"ಕೊಡ್ತಾರೆ."

"ಯಾವಾಗ?"

"ಕೊಡ್ತಾರೆ ಅಂದ್ನಲ್ಲ."

"ಯಾಕ್ ಅಂಗೆ ಮಾತಾಡ್ತೀರಿ? ಏನಾಯ್ತು?"

"ಇವತ್ತು ಕಾರ್ತಿಕ ಸೋಮವಾರ ಅಂತ ಯಾಕೆ ಹೇಳಲಿಲ್ಲ ನೀನು?"

"ಅದನ್ನೂ ಏಳ್ಬೇಕಾ?" ಎಂದಳು.

ಫೋನು ಜೇಬಿಗೆ ಹಾಕಿದ. ಹಾಳೆಯ ಕಡೆ ನೋಡಿದ. ಉಪವಾಸ ಎಂದು ಬರೆದರೆ ಇವರು ಇವತ್ತೇ ಗೇಟಿನಾಚೆ. ಅಂತಿಮ ಎಂದು ಬರೆದರೆ ಮುಂದಿನ ತಿಂಗಳು. ದಿನ ಆರಿಸಿದ್ದು ನನ್ನ ತಪ್ಪು, ನನಗೆ ಈ ಜನರದ್ದು ಏನೂ ಗೊತ್ತಿಲ್ಲ ಎಂದು ಬರೆದರೆ ಇನ್ನೊಂದು ದಿನ ಸಿಗಬಹುದು. ಹೊಟ್ಟೆ ತುಂಬಿದ ದಿನ ಚನ್ನಬಸಮ್ಮ ಇದೇ ಪೆಟ್ಟಿಗೆಯನ್ನು ಅವನಿಗಿಂತ ಚೆನ್ನಾಗಿ ಹತ್ತಿಳಿಯುತ್ತಾಳೆ. ಆದರೆ ಆ ಒಂದೂವರೆ ಗೆರೆ ಬರೆದವನಿಗೆ ಕಾರ್ಡು ಸಿಗುವುದಿಲ್ಲ. ಅಷ್ಟೇ ಲೆಕ್ಕ. ಇದರಲ್ಲಿ ಯೋಚಿಸುವಂಥದ್ದು ಏನೂ ಇರಲಿಲ್ಲ. ಅವನು ಯೋಚಿಸುತ್ತಲೇ ನಿಂತ.

ಎರಡರ ಸೈರನ್ ಆಯಿತು.

ಗೇಟಿನ ಪಕ್ಕದ ಕಾಲುದಾರಿಯನ್ನು ಪೈಪು ಹಾಕಲು ಅಗೆದಿದ್ದರು. ಜನ ಲಾರಿ ತೂಗುವ ಕಬ್ಬಿಣದ ಹಾಸಿನ ಮೇಲೆ ದಾಟಿ ಹೋಗಬೇಕಿತ್ತು. ತಿಂದವರು ವ್ಯಾನಿನ ಕಡೆ ಓಡಿದರು. ಉಪ್ಪಿಟ್ಟಿನವರು ಗುಂಪಾಗಿ ನಿಧಾನವಾಗಿ ಬಂದರು. ಹೊಳೆಯಲ್ಲಿ ಮುಳುಗು ಹಾಕಿ ದೇವಸ್ಥಾನಕ್ಕೆ ಹೋಗುವವರು.

"ನಿಲ್ರೀ!" ಎಂದು ಕೂಗುತ್ತ ಚಿಕ್ಕಸ್ವಾಮಿ ಅವರ ನಡುವೆ ನುಗ್ಗಿದ. ಹಾಸಿನ ಮಧ್ಯೆ ಎಲ್ಲರೂ ನಿಂತರು. ಹಾಳೆಯನ್ನು ಅವರ ಮುಖಕ್ಕೆ ಹಿಡಿದ.

"ಏನ್ ಬರೀಲಿ? ಹೇಳಿ. ಒಬ್ಬರಾದ್ರೂ ಬಾಯಿ ಬಿಟ್ಟು ಹೇಳಿ. ನನ್ನೊಬ್ಬನ್ನೇ ಯಾಕೆ ನಿಲ್ಲಿಸ್ತೀರಿ ಇದರಲ್ಲಿ?"

ಒಬ್ಬಳು ಚಪ್ಪಲಿಯೊಳಗಿನ ಕಲ್ಲು ಕೊಡವಿಕೊಂಡಳು.

"ನಮ್ನ ಕೇಳಿ ದಿನ ಇಟ್ಟಾ?" ಎಂದಳು ಚನ್ನಬಸಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಸಹಾಯವಾಗುತ್ತಿತ್ತು.

ಪಕ್ಕದ ಗೂಡಿನಿಂದ ತೂಕದ ನಂಜುಂಡೇಶ್ ಕಿಟಕಿಗೆ ಬಾಯಿ ಕೊಟ್ಟ. "ಇಳೀರಮ್ಮೋ, ಸಾ ನೀವೂ ಇಳೀರಿ, ಲೋಡಿನ ಲಾರಿ ಬತ್ತಾ ಅದೆ!"

ಚಿಕ್ಕಸ್ವಾಮಿಯ ಕಣ್ಣು ಗೂಡಿನ ಮೇಲಿನ ಕಪ್ಪು ಹಲಗೆಯತ್ತ ಹೋಯಿತು. ಕೆಂಪು ದೀಪದ ಅಂಕಿ. ಸೊನ್ನೆ.

"ಏನ್ರೀ ಇದು? ಇಪ್ಪತ್ತು ಜನ ನಿಂತಿದ್ದೀವಿ. ಸೊನ್ನೆ ತೋರಿಸ್ತಿದೆ. ಕೆಟ್ಟಿದೆಯಾ?"

"ಕೆಟ್ಟಿಲ್ಲ ಸಾ. ಎರಡ್ ಟನ್ ಒಳ್ಗಿರೋದ ತೋರ್ಸಬ್ಯಾಡ ಅಂತ ಸೆಟ್ ಮಾಡವ್ರೆ. ನಾಯಿಗೀಯಿ ಓಡಾಡ್ತವಲ್ಲ, ಸುಮ್ನೆ ನಂಬರ್ ಕುಣೀತದೆ."

ಹೆಂಗಸರು ಒಬ್ಬೊಬ್ಬರಾಗಿ ಇಳಿದು ರಸ್ತೆ ಸೇರಿದರು. ಚನ್ನಬಸಮ್ಮ ತಿರುಗಿ ನೋಡಲಿಲ್ಲ. ಅಂಕಿ ಬದಲಾಗಲಿಲ್ಲ. ಅವನೊಬ್ಬ ಉಳಿದ. ಕಾಲೆತ್ತಿ ಕಬ್ಬಿಣವನ್ನು ಒದ್ದ. ಸದ್ದಾಯಿತು. ಮಂಡಿ ನೋಯಿತು. ಮತ್ತೆ ಒದ್ದ. ಸೊನ್ನೆ ಸೊನ್ನೆಯಾಗಿಯೇ ಇತ್ತು. ಜೇಬಿನಲ್ಲಿ ಫೋನು ಅದುರಿತು. ಪ್ರಸಾದ್ ಇರಬೇಕು. ತೆಗೆಯಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಹಾಳೆಯನ್ನು ಅಂಗೈ ಮೇಲೆ ಇಟ್ಟುಕೊಂಡು, ಆ ಒಂದೂವರೆ ಗೆರೆಯ ಮೇಲೆ ಮೊನೆ ಊರಿದ.

ಹಿಂದಿನಿಂದ ಲಾರಿ ಹಾರನ್ ಹೊಡೆಯಿತು. ಅವನು ಸರಿಯಲಿಲ್ಲ. ಇನ್ನೊಂದು ಸಲ ಹೊಡೆದು, ಅವನ ಬೆನ್ನಿಗೆ ಒಂದು ಮಾರು ದೂರದವರೆಗೆ ಮೆಲ್ಲಗೆ ಹತ್ತಿ ನಿಂತಿತು. ಕಾಲ ಕೆಳಗೆ ಹಾಸು ನಡುಗಿತು. ಹಲಗೆಯಲ್ಲಿ ಕೆಂಪು ಅಂಕಿಗಳು ದಡಬಡ ಓಡಿ, ತಡವರಿಸಿ, ಒಂದು ಕಡೆ ನಿಂತವು.

ಚಿಕ್ಕಸ್ವಾಮಿಯ ತೂಕವೂ ಸೇರಿದ್ದ ಆ ಅಂಕಿಯನ್ನು ನಂಜುಂಡೇಶ್ ನೋಡಿ ಚೀಟಿಯಲ್ಲಿ ಬರೆದುಕೊಂಡ. ಈ ಸಲ ಅವನು ಯಾರಿಗೂ ಇಳಿಯಲು ಹೇಳಲಿಲ್ಲ.